ಲೇಔಟ್‌ಗೆ ಸಹಿ ಹಾಕುವ ಮುಂಚೆ ನೀರು, ಬಸ್ಸು, ಶಾಲೆ ತೋರಿಸಿ

ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಿಗೆ ಮತ್ತು ಆಯುಕ್ತರಿಗೆ,

ಮಾನ್ಯರೇ,

ನಾವು ಕಾಮಾಕ್ಷಿಪಾಳ್ಯದ ಬಾಡಿಗೆ ಮನೆಯಲ್ಲಿ ಇದ್ದೇವೆ. ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ಯಜಮಾನರು ಬೊಮ್ಮಸಂದ್ರದಲ್ಲಿ ಸೂಪರ್‌ವೈಸರ್. ಮಗಳಿಗೆ ಐದು ತುಂಬುತ್ತಿದೆ. ಅತ್ತೆ ನಮ್ಮ ಜೊತೆಯಲ್ಲೇ ಇದ್ದಾರೆ. ಊರಿನೊಳಗೆ ಸ್ವಂತ ಮನೆ ತಗೊಳ್ಳುವ ಶಕ್ತಿ ನಮಗಿಲ್ಲ. ಅದಕ್ಕೇ ಹೊರವಲಯದಲ್ಲಿ ಹುಡುಕುತ್ತಿದ್ದೇವೆ. ಚಂದಾಪುರ, ಅತ್ತಿಬೆಲೆ, ಆನೇಕಲ್, ನೆಲಮಂಗಲ, ದೊಡ್ಡಬಳ್ಳಾಪುರ, ಹೊಸಕೋಟೆ, ಎಲ್ಲಾ ಕಡೆ ಹೋಗಿ ನೋಡಿ ಬಂದಿದ್ದೇವೆ.

ಈ ಪತ್ರವನ್ನು ನಿಮಗೇ ಬರೆಯುವುದಕ್ಕೆ ಕಾರಣ ಇದೆ. ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ ಮತ್ತು ರಾಮನಗರ ಕಡೆಯ ಪ್ರದೇಶ ಸೇರಿ ಸುಮಾರು 8,000 ಚದರ ಕಿಲೋಮೀಟರ್ ನಿಮ್ಮ ವ್ಯಾಪ್ತಿ. ಆನೇಕಲ್, ಹೊಸಕೋಟೆ, ನೆಲಮಂಗಲ, ಮಾಗಡಿ, ಕನಕಪುರದ ಯೋಜನಾ ಪ್ರಾಧಿಕಾರಗಳು ನಿಮ್ಮ ಅಡಿಯಲ್ಲಿ ಬರುತ್ತವೆ. ಯಾವ ಹೊಲ ಲೇಔಟ್ ಆಗುತ್ತದೆ, ಎಷ್ಟು ಅಗಲದ ರಸ್ತೆ ಬಿಡಬೇಕು ಅನ್ನುವುದು ಅಲ್ಲಿ ತೀರ್ಮಾನ ಆಗುತ್ತದೆ. ನಿಮ್ಮ ಅಧ್ಯಕ್ಷರು ಮುಖ್ಯಮಂತ್ರಿಗಳು. ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೂ ಅವರೇ ಅಧ್ಯಕ್ಷರು. ಹಾಗಾಗಿ ನೀರು ಒಂದು ಇಲಾಖೆಯದ್ದು, ಬಸ್ಸು ಇನ್ನೊಂದರದ್ದು, ಶಾಲೆ ಮತ್ತೊಂದರದ್ದು ಅನ್ನುವ ಉತ್ತರ ನಿಮ್ಮಿಂದ ಬರಬಾರದು ಅಂತ ಕೇಳಿಕೊಳ್ಳುತ್ತೇನೆ.

ಸರ್ಕಾರದ ಲೆಕ್ಕದಲ್ಲಿ ಕೈಗೆಟಕುವ ಮನೆ ಅಂದರೆ 45 ಲಕ್ಷದೊಳಗಿನ ಮನೆ. ಬೆಂಗಳೂರಿನಂಥ ಮಹಾನಗರದಲ್ಲಿ ಇನ್ನೂ ಕಟ್ಟುತ್ತಿರುವ ಮನೆಗೆ 60 ಚದರ ಮೀಟರ್ ಒಳಗಿನ ಕಾರ್ಪೆಟ್ ಏರಿಯಾ, ಅಂದರೆ ಗೋಡೆಗಳ ಒಳಗಿನ ಜಾಗ, ಮತ್ತು 45 ಲಕ್ಷದೊಳಗಿನ ಬೆಲೆ ಇದ್ದರೆ ಜಿಎಸ್‌ಟಿ ಶೇ. 1. ಅದನ್ನು ದಾಟಿದರೆ ಶೇ. 5. ಇದು 2019ರಿಂದ ಇರುವ ನಿಯಮ. ಮೊದಲ ಸಲ ನೋಂದಣಿ ಆಗುವ ಫ್ಲಾಟ್‌ಗಳಿಗೆ ರಾಜ್ಯ ಸರ್ಕಾರವೂ 45 ಲಕ್ಷದವರೆಗೆ ಮುದ್ರಾಂಕ ಶುಲ್ಕ ಕಡಿಮೆ ಮಾಡಿದೆ. ಇದು ಒಳ್ಳೆಯದೇ. ಇನ್ನೊಂದು ಕಡೆ ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ ಶೇ. 1ರಿಂದ ಶೇ. 2ಕ್ಕೆ ಏರಿತು. 40 ಲಕ್ಷದ ಮನೆಗೆ ಅದೊಂದರಲ್ಲೇ 40 ಸಾವಿರ ಜಾಸ್ತಿ ಆಯಿತು.

ಆದರೆ ಈ ಲೆಕ್ಕ ಮನೆ ಕೊಳ್ಳುವ ದಿನಕ್ಕೆ ಮುಗಿಯುತ್ತದೆ. ನಮ್ಮ ಲೆಕ್ಕ ಶುರುವಾಗುವುದೇ ಅದರ ಮಾರನೇ ದಿನದಿಂದ. 30 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷ ಅಂದರೆ ತಿಂಗಳಿಗೆ ಸುಮಾರು 26 ಸಾವಿರ ಕಂತು. ಇಬ್ಬರೂ ದುಡಿಯುವ ನಮ್ಮಂಥ ಮನೆಗೆ ಇದು ಕಷ್ಟವಾದರೂ ಆಗುವ ಮಾತು. ಅದರ ಮೇಲೆ ನೀರಿನ ಟ್ಯಾಂಕರ್, ಓಡಾಟ, ಶಾಲೆ ವ್ಯಾನು, ಮಗು ನೋಡಿಕೊಳ್ಳುವವರು ಅಂತ ಸೇರುತ್ತಾ ಹೋದರೆ ಊರ ಹೊರಗಿನ ಅಗ್ಗದ ಮನೆ ಅಗ್ಗವಾಗಿ ಉಳಿಯುವುದಿಲ್ಲ. ಈ ತಿಂಗಳ ಖರ್ಚನ್ನು ಇಳಿಸುವುದು ನಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿದೆ.

ಮೊದಲು ನೀರಿನ ವಿಷಯ ಹೇಳುತ್ತೇನೆ.

ಹೋದ ಕಡೆಯೆಲ್ಲಾ ನಾನು ಕೇಳಿದ ಮೊದಲ ಪ್ರಶ್ನೆ, "ನೀರು ಎಲ್ಲಿಂದ?" ಒಂದು ಲೇಔಟ್‌ನಲ್ಲಿ ತೋರಿಸಲು ಬಂದ ಹುಡುಗ, "ಕಾವೇರಿ ಬರುತ್ತೆ ಮೇಡಂ, ಪೈಪ್ ಹಾಕ್ತಾ ಇದ್ದಾರೆ" ಅಂದರು. ಯಾವಾಗ ಅಂದರೆ ಉತ್ತರ ಇಲ್ಲ. ಇನ್ನೊಂದು ಕಡೆ ಬೋರ್‌ವೆಲ್ ತೋರಿಸಿದರು. ಎಷ್ಟು ಅಡಿ, ಎಷ್ಟು ಇಂಚು ನೀರು, ಬೇಸಿಗೆಯಲ್ಲಿ ಏನಾಗುತ್ತದೆ ಅಂತ ಕೇಳಿದರೆ ಕ್ಲಬ್‌ಹೌಸ್ ತೋರಿಸಲು ಕರೆದುಕೊಂಡು ಹೋದರು. ಪಕ್ಕದ ಬೀದಿಯ ಮನೆಯವರನ್ನು ವಿಚಾರಿಸಿದಾಗ ಗೊತ್ತಾಯಿತು, ಮಾರ್ಚ್ ಬಂದರೆ ಟ್ಯಾಂಕರ್‌ನವರಿಗೆ ಹಿಂದಿನ ದಿನವೇ ಫೋನ್ ಮಾಡಿ ಕಾಯಬೇಕಂತೆ.

ಆನೇಕಲ್, ನೆಲಮಂಗಲ, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ ತಾಲ್ಲೂಕುಗಳು ಅಂತರ್ಜಲ ಅತಿಯಾಗಿ ಬಳಕೆಯಾಗಿರುವ ಪಟ್ಟಿಯಲ್ಲಿವೆ. ಮಳೆಯಿಂದ ಭೂಮಿಗೆ ಇಳಿಯುವುದಕ್ಕಿಂತ ಹೆಚ್ಚು ನೀರನ್ನು ಮೇಲೆತ್ತುತ್ತಿದ್ದೇವೆ. ಸರ್ಕಾರದ ದಾಖಲೆಯೇ ಇದನ್ನು ಹೇಳುತ್ತದೆ. ಹಾಗಿದ್ದರೂ ಅದೇ ತಾಲ್ಲೂಕುಗಳಲ್ಲಿ ಬೋರ್‌ವೆಲ್ ನಂಬಿಕೊಂಡ ಲೇಔಟ್‌ಗಳು ಏಳುತ್ತಿವೆ.

ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ನಗರಗಳ ನೀರು ಪೂರೈಕೆಗೆ ಇಟ್ಟುಕೊಂಡಿರುವ ಅಳತೆ. ನಾವು ನಾಲ್ಕು ಜನ. ತಿಂಗಳಿಗೆ 16 ಸಾವಿರ ಲೀಟರ್ ದಾಟುತ್ತದೆ. 6,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ ಹತ್ತಿರ ಹತ್ತಿರ ಮೂರು. 2024ರ ಬೇಸಿಗೆಯಲ್ಲಿ ಟ್ಯಾಂಕರ್ ದರ ಕೈಮೀರಿದಾಗ ಜಿಲ್ಲಾಡಳಿತವೇ ಬೆಂಗಳೂರಿಗೆ ದರ ಕಟ್ಟಿತ್ತು. 5 ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ. ಆ ಕಟ್ಟಿದ ದರದಲ್ಲೇ ಲೆಕ್ಕ ಹಾಕಿದರೂ ತಿಂಗಳಿಗೆ 1,800. ಅದೂ ಟ್ಯಾಂಕರ್ ಸಿಕ್ಕಿದರೆ. ಕುಡಿಯುವ ನೀರಿನ ಕ್ಯಾನ್ ಖರ್ಚು ಬೇರೆ. ಕಾವೇರಿ ಸಂಪರ್ಕ ಇರುವ ಮನೆಯವರು ಇಷ್ಟೇ ನೀರಿಗೆ ಕಟ್ಟುವುದು ಕೆಲವು ನೂರು ರೂಪಾಯಿ. ಅವರಿಗಿಂತ ಕಡಿಮೆ ಸಂಬಳದವರು ಊರ ಹೊರಗೆ ಹೋಗಿ ಅವರಿಗಿಂತ ಹಲವು ಪಟ್ಟು ಜಾಸ್ತಿ ನೀರಿನ ಹಣ ಕೊಡುತ್ತಿದ್ದಾರೆ. ಇದು ನನ್ನ ಮನಸ್ಸಿಗೆ ತುಂಬಾ ನೋವು ಕೊಡುವ ಸಂಗತಿ.

2007ರಲ್ಲಿ 110 ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಿದರು. ಅವುಗಳಿಗಾಗಿಯೇ ಮಾಡಿದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್‌ನ ಯೋಜನೆ, ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ 17 ವರ್ಷ. ಆ ಹಳ್ಳಿಗಳಲ್ಲಿ ಸೇರ್ಪಡೆಯ ವರ್ಷ ಹುಟ್ಟಿದ ಮಗು ಪಿಯುಸಿ ಮುಗಿಸುವ ಹೊತ್ತಿಗೆ ನೀರು ಬಂತು. ನಾವು ನೋಡುತ್ತಿರುವ ಜಾಗಗಳು ಆ ಹಳ್ಳಿಗಳಿಂದಲೂ ಆಚೆ ಇವೆ. ನಮ್ಮ ಮಗಳಿಗೆ ಎಷ್ಟು ವರ್ಷ ಆದಾಗ ನಲ್ಲಿಯಲ್ಲಿ ನೀರು ಬರುತ್ತದೆ ಅಂತ ಯಾರಾದರೂ ಒಬ್ಬರು ಬರೆದು ಕೊಡಬೇಕಲ್ವಾ? ಹತ್ತು ವರ್ಷ ಆಗುತ್ತದೆ ಅಂತಲೇ ಬರೆದು ಕೊಡಿ. ನಾವು ಅದನ್ನು ನೋಡಿಕೊಂಡು ತೀರ್ಮಾನ ಮಾಡುತ್ತೇವೆ.

ಇನ್ನು ಓಡಾಟ. ನಮ್ಮ ಮನೆಯ ಕಷ್ಟ ಇರುವುದು ಇಲ್ಲೇ. ಒಬ್ಬರ ಕೆಲಸ ನಗರದ ದಕ್ಷಿಣದ ತುದಿಯಲ್ಲಿ, ಇನ್ನೊಬ್ಬರದ್ದು ವಾಯವ್ಯದಲ್ಲಿ. ಇದು ನಮ್ಮೊಬ್ಬರ ಕಥೆಯಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ ಇಬ್ಬರಿಗೂ ಒಂದೇ ದಿಕ್ಕಿನಲ್ಲಿ ಕೆಲಸ ಸಿಗುವುದು ಅಪರೂಪ.

ಚಂದಾಪುರದ ಕಡೆ ಮನೆ ಮಾಡಿದರೆ ಯಜಮಾನರಿಗೆ ಕೆಲಸ ಹತ್ತಿರ. ನನಗೆ ಹಳದಿ ಮಾರ್ಗದ ಮೆಟ್ರೋ ಇದೆ. 2025ರ ಆಗಸ್ಟ್‌ನಲ್ಲಿ ಅದು ಶುರುವಾದಾಗ ನಾವು ನಿಜವಾಗಿ ಖುಷಿಪಟ್ಟೆವು. ಬೊಮ್ಮಸಂದ್ರದಲ್ಲಿ ಹತ್ತಿ, ಆರ್.ವಿ. ರೋಡ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಪೀಣ್ಯದಲ್ಲಿ ಇಳಿಯಬಹುದು. ಟ್ರಾಫಿಕ್ ಗೊಡವೆ ಇಲ್ಲ. ಆದರೆ 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಂದ 90ಕ್ಕೆ ಹೋಯಿತು. 30 ಕಿಲೋಮೀಟರ್ ದಾಟುವ ನನ್ನಂಥವರು ಕೊಡಬೇಕಾದದ್ದು ಆ ಗರಿಷ್ಠ ದರವನ್ನೇ. ಹೋಗಿ ಬರಲು 180. ತಿಂಗಳಿಗೆ 26 ದಿನ ಅಂದರೆ 4,680. ಕಾರ್ಡ್ ರಿಯಾಯಿತಿ ಕಳೆದರೂ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ದೂರ ಹೋದಷ್ಟೂ ಮನೆ ಅಗ್ಗ, ದೂರ ಹೋದಷ್ಟೂ ಟಿಕೆಟ್ ದುಬಾರಿ. ಹೊರವಲಯದಲ್ಲಿ ಮನೆ ಮಾಡುವ ಕುಟುಂಬಗಳಿಗೆ ಒಂದು ತಿಂಗಳ ಪಾಸ್ ತರಬಹುದು. ಮೆಟ್ರೋ ನಿಗಮದ ಜೊತೆ ಮಾತಾಡಿ ಅದನ್ನು ಮಾಡಿಸಿಕೊಡಿ.

ಬಸ್ಸಿನಲ್ಲಿ ನನಗೆ ಖರ್ಚಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನ್ನಂಥ ಎಷ್ಟೋ ಹೆಂಗಸರು ಕೆಲಸ ಬಿಡದೆ ಉಳಿದಿದ್ದಾರೆ. ಅದಕ್ಕೆ ಕೃತಜ್ಞತೆ ಇದೆ. ಆದರೆ ಚಂದಾಪುರದಿಂದ ಪೀಣ್ಯಕ್ಕೆ ಬಸ್ಸು ಬದಲಾಯಿಸಿಕೊಂಡು ಹೋದರೆ ಬೆಳಿಗ್ಗೆ, ಸಂಜೆ ಎರಡೆರಡು ಗಂಟೆ ರಸ್ತೆಯಲ್ಲೇ ಕಳೆಯುತ್ತದೆ. ಮಗಳು ಏಳುವ ಮುಂಚೆ ಹೊರಟು ಅವಳು ಮಲಗುವ ಹೊತ್ತಿಗೆ ಬರುವ ತಾಯಿ ಆಗುತ್ತೇನೆ. ಸ್ವಂತ ಮನೆ ಬೇಕು ಅಂತ ನಾವು ಹುಡುಕುತ್ತಿರುವುದೇ ಅವಳಿಗೋಸ್ಕರ.

ಮೆಟ್ರೋ ನಿಲ್ದಾಣದಿಂದ ಲೇಔಟ್‌ವರೆಗಿನ ದಾರಿಯನ್ನೂ ನೋಡಿ. ಜಾಹೀರಾತಿನಲ್ಲಿ "ಮೆಟ್ರೋದಿಂದ ಹತ್ತೇ ನಿಮಿಷ" ಅಂತ ಇರುತ್ತದೆ. ಕಾರಿದ್ದವರಿಗೆ ಅದು ಸರಿ. ನಡೆದು ಹೋಗುವವರಿಗೆ ಹೊಸೂರು ರಸ್ತೆಯ ಸರ್ವಿಸ್ ರೋಡಿನಲ್ಲಿ ಫುಟ್‌ಪಾತ್ ಇಲ್ಲದ ಜಾಗಗಳು ಎಷ್ಟೋ ಇವೆ. ರಾತ್ರಿ ಎಂಟರ ಮೇಲೆ ಒಳಗಿನ ಹಳ್ಳಿಗಳ ಕಡೆ ಹೋಗುವ ಬಸ್ಸು ಎಷ್ಟಿವೆ, ಬೀದಿದೀಪ ಎಲ್ಲಿಯವರೆಗೆ ಇದೆ ಅಂತ ಅಲ್ಲಿಯ ನಾಲ್ಕು ಜನ ಹೆಂಗಸರನ್ನು ಕೇಳಿ ತಿಳಿದುಕೊಂಡೆವು. ಬೇರೆ ಎಲ್ಲೂ ಆ ಮಾಹಿತಿ ಸಿಗಲಿಲ್ಲ.

ನೆಲಮಂಗಲದ ಕಡೆ ಹೋದರೆ ಇದೇ ಕಥೆ ತಿರುಗಾಮುರುಗಾ. ನನಗೆ ಹತ್ತಿರ, ಅವರಿಗೆ ದೂರ. 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಮೆಟ್ರೋ ಬಂದಿದ್ದು ಆ ಕಡೆಯವರಿಗೆ ದೊಡ್ಡ ಉಪಕಾರ. ದೊಡ್ಡಬಳ್ಳಾಪುರ ಊರಾಗಿ ನನಗೆ ತುಂಬಾ ಹಿಡಿಸಿತು. ಅಲ್ಲಿ ಸಂತೆ ಇದೆ, ಮಗ್ಗದ ಸದ್ದಿದೆ, ಅಕ್ಕಪಕ್ಕದವರು ನಿಂತು ಮಾತಾಡುತ್ತಾರೆ. ಆದರೆ ಕೊಳಚೆ ನೀರು ಹರಿದು ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳು ಹಾಳಾಗಿದ್ದು, ಅಲ್ಲಿಯ ಜನ ಶುದ್ಧ ನೀರಿಗಾಗಿ ಹೋರಾಟ ಮಾಡುತ್ತಿರುವುದು ಎಲ್ಲರಿಗೂ ಗೊತ್ತಿದೆ. ಅದಕ್ಕೊಂದು ಪರಿಹಾರ ಕಾಣುವ ತನಕ ಮಗುವನ್ನು ಕರೆದುಕೊಂಡು ಹೋಗಲು ಧೈರ್ಯ ಬರಲಿಲ್ಲ.

ನಮ್ಮಂಥವರಿಗೆ ನಿಜವಾಗಿ ಬೇಕಾದದ್ದು ಉಪನಗರ ರೈಲು. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. 2022ರ ಜೂನ್‌ನಲ್ಲಿ ಪ್ರಧಾನಿಗಳು ಶಂಕುಸ್ಥಾಪನೆ ಮಾಡಿದರು. 148 ಕಿಲೋಮೀಟರ್, 15,767 ಕೋಟಿ ರೂಪಾಯಿ, ನಾಲ್ಕು ಮಾರ್ಗ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಚೆಂದದ ಹೆಸರುಗಳು. ಇದರಲ್ಲಿ ಕನಕ ಮಾರ್ಗ ಚಂದಾಪುರದ ಪಕ್ಕದ ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗುತ್ತದೆ. ಮಲ್ಲಿಗೆ ಮಾರ್ಗ ಬೈಯ್ಯಪ್ಪನಹಳ್ಳಿಯಿಂದ ಯಶವಂತಪುರದ ಮೇಲೆ ಚಿಕ್ಕಬಾಣಾವರಕ್ಕೆ. ಎರಡೂ ಓಡಿದರೆ ನಡುವೆ ಒಂದು ಸಲ ರೈಲು ಬದಲಾಯಿಸಿ ನಾನು ಕೆಲಸಕ್ಕೆ ಹೋಗಬಹುದು. ನಮ್ಮ ಮನೆಯ ಗಂಟು ಅಲ್ಲಿಗೆ ಬಿಡಿಸಿದಂತೆ. ಒಪ್ಪಿಗೆ ಸಿಕ್ಕಿ ಐದು ವರ್ಷ ದಾಟಿತು. ಒಂದು ಮಾರ್ಗದಲ್ಲೂ ಇನ್ನೂ ರೈಲು ಓಡಿಲ್ಲ. ಅದು ಬರುತ್ತದೆ ಅಂತ ಹೇಳಿಕೊಂಡು ಸೈಟ್ ಮಾರುವುದು ಮಾತ್ರ ನಿಂತಿಲ್ಲ.

ಅದು ಬರುವ ತನಕ ಇರುವ ಹಳಿಯನ್ನಾದರೂ ಬಳಸಿ. ಬೈಯ್ಯಪ್ಪನಹಳ್ಳಿಯಿಂದ ಹೊಸೂರಿಗೆ 48 ಕಿಲೋಮೀಟರ್ ಜೋಡಿ ಹಳಿಯ ಕೆಲಸ ಕೈಗೆತ್ತಿಕೊಂಡಿದ್ದಾರೆ. ಕಾರ್ಮೆಲರಾಂ, ಹೀಲಲಿಗೆ, ಆನೇಕಲ್ ರೋಡ್, ಎಲ್ಲವೂ ಅದೇ ದಾರಿಯಲ್ಲಿವೆ. ಈಗ ಅಲ್ಲಿ ಓಡುವ ಪ್ಯಾಸೆಂಜರ್ ರೈಲುಗಳು ಬೆರಳೆಣಿಕೆಯಷ್ಟು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಹೊತ್ತಿಗೆ ಎರಡು, ಸಂಜೆ ಬಿಡುವ ಹೊತ್ತಿಗೆ ಎರಡು ಮೆಮು ರೈಲು ಹೆಚ್ಚು ಮಾಡಿಸಿ. ಆನೇಕಲ್ ರೋಡ್ ಸ್ಟೇಷನ್ ಆನೇಕಲ್ ಊರಿನಿಂದ ದೂರ ಇದೆ. ರೈಲಿನ ಟೈಮಿಗೆ ಹೊಂದಿಕೊಂಡು ಒಂದು ಸಣ್ಣ ಬಸ್ಸು ಬಿಡಿ. ಇದಕ್ಕೆ ಸಾವಿರ ಕೋಟಿ ಬೇಡ. ನೈಋತ್ಯ ರೈಲ್ವೆಯವರು ಮತ್ತು ಬಿಎಂಟಿಸಿಯವರು ಒಂದು ಟೇಬಲ್ ಮೇಲೆ ಕೂತರೆ ಆಗುತ್ತದೆ. ಅವರನ್ನು ಕೂರಿಸುವ ಅಧಿಕಾರ ನಿಮ್ಮ ಅಧ್ಯಕ್ಷರಿಗೆ ಇದೆ.

ಶಾಲೆಯ ವಿಷಯ ಬರೆಯುವಾಗ ಸ್ವಲ್ಪ ಉದ್ದ ಆದರೆ ಕ್ಷಮಿಸಿ. ಹೊರಟಿದ್ದೇ ಮಗಳಿಗೋಸ್ಕರ.

ಮನೆ ನೋಡಲು ಹೋದಾಗ ಸೇಲ್ಸ್‌ನವರು ಮ್ಯಾಪ್ ತೆಗೆದು ಸುತ್ತಲಿನ ಇಂಟರ್‌ನ್ಯಾಷನಲ್ ಸ್ಕೂಲ್‌ಗಳನ್ನೆಲ್ಲಾ ತೋರಿಸುತ್ತಾರೆ. ಅವುಗಳ ಒಂದು ವರ್ಷದ ಫೀಸಿನಲ್ಲಿ ನಮ್ಮ ಆರೇಳು ತಿಂಗಳ ಕಂತು ಹೋಗುತ್ತದೆ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯಿದೆಯ ಉಚಿತ ಸೀಟಿನ ಆಸೆಯೂ ಇಲ್ಲ. 2019ರಲ್ಲಿ ರಾಜ್ಯದ ನಿಯಮ ಬದಲಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ. ಸರಿ, ನಾನು ಇದನ್ನು ವಿರೋಧಿಸುವುದಿಲ್ಲ. ನಾನೂ ಸರ್ಕಾರಿ ಶಾಲೆಯಲ್ಲೇ ಓದಿದವಳು. ಮಗಳನ್ನೂ ಅಲ್ಲಿಗೇ ಕಳಿಸಲು ತಯಾರಿದ್ದೇನೆ. ಹಾಗಾದರೆ ಆ ಶಾಲೆ ನಮ್ಮ ಮನೆಗಳು ಏಳುವ ವೇಗದಲ್ಲಿ ಬೆಳೆಯಬೇಕು.

ಆನೇಕಲ್ ತಾಲ್ಲೂಕಿನ ಒಂದು ಹಳ್ಳಿ ಶಾಲೆಗೆ ಹೋಗಿ ಮಾತಾಡಿಸಿದೆ. ಹೆಸರು ಹೇಳುವುದಿಲ್ಲ, ಅಲ್ಲಿಯ ಮೇಡಂ ತುಂಬಾ ಒಳ್ಳೆಯವರು. ಒಂದೇ ಕೋಣೆಯಲ್ಲಿ ಎರಡು ತರಗತಿ. ಕಾರ್ಖಾನೆಗೆ, ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಜಾಸ್ತಿ. ಉತ್ತರ ಕರ್ನಾಟಕದವರು, ಒಡಿಶಾದವರು, ಬಿಹಾರದವರು. ಮಕ್ಕಳು ಒಟ್ಟಿಗೆ ಕೂತು ಕನ್ನಡದಲ್ಲಿ ಪದ್ಯ ಹೇಳುತ್ತಿದ್ದರು. ಕೇಳಿ ಸಂತೋಷವಾಯಿತು. ಶಾಲೆಯ ಸುತ್ತ ದೊಡ್ಡ ದೊಡ್ಡ ಅಪಾರ್ಟ್‌ಮೆಂಟ್ ಬಂದಿವೆ. ಶಾಲೆಗೆ ಒಂದು ಕೋಣೆ ಹೆಚ್ಚು ಬಂದಿಲ್ಲ. ಅಪಾರ್ಟ್‌ಮೆಂಟ್ ಮಕ್ಕಳು ಹಳದಿ ವ್ಯಾನಿನಲ್ಲಿ ಮುಕ್ಕಾಲು ಗಂಟೆ ದೂರದ ಶಾಲೆಗೆ ಹೋಗುತ್ತಾರೆ.

ಅದರ ಹತ್ತಿರದಲ್ಲೇ ಒಂದು ಲೇಔಟ್‌ನಲ್ಲಿ ಸಿಎ ಸೈಟ್, ಅಂದರೆ ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗ ಇತ್ತು. ತಂತಿ ಬೇಲಿ, ಒಳಗೆ ಪಾರ್ಥೇನಿಯಂ, ಒಂದು ಮೂಲೆಯಲ್ಲಿ ಕಟ್ಟಡದ ಮಣ್ಣು ಸುರಿದಿದ್ದರು. ಯಾತಕ್ಕೆ ಇಟ್ಟಿದ್ದಾರೆ ಅಂದರೆ ಅಲ್ಲಿದ್ದವರಿಗೆ ಗೊತ್ತಿಲ್ಲ. ಲೇಔಟ್ ಮಾಡುವಾಗ ಪಾರ್ಕಿಗೆ, ನಾಗರಿಕ ಸೌಲಭ್ಯಕ್ಕೆ ಜಾಗ ಬಿಟ್ಟು ಪ್ರಾಧಿಕಾರಕ್ಕೆ ಒಪ್ಪಿಸಬೇಕು ಅನ್ನುವ ನಿಯಮ ಇದೆ. ಜಾಗ ಬಿಡಿಸಿಕೊಂಡಿದ್ದೀರಿ. ಅಲ್ಲಿ ಅಂಗನವಾಡಿ ಬರಬೇಕು, ಶಾಲೆಯ ಎರಡು ಕೋಣೆ ಬರಬೇಕು, ಒಂದು ಸಣ್ಣ ಆಸ್ಪತ್ರೆ ಬರಬೇಕು. ಅತ್ತೆಗೆ ಬಿಪಿ ಇದೆ. ಬಿಪಿ ನೋಡಿಸಲು ಆಟೋ ಮಾಡಿಕೊಂಡು ಹತ್ತು ಕಿಲೋಮೀಟರ್ ಹೋಗಬೇಕಾದ ಜಾಗದಲ್ಲಿ ವಯಸ್ಸಾದವರನ್ನು ಇಟ್ಟುಕೊಂಡು ಸಂಸಾರ ಮಾಡುವುದು ಹೇಗೆ?

ನಿಮ್ಮ ವ್ಯಾಪ್ತಿಯಲ್ಲಿ ಇಂಥ ಸಿಎ ಸೈಟ್‌ಗಳು ಯಾವ ಸರ್ವೆ ನಂಬರಿನಲ್ಲಿವೆ, ಯಾವುದು ಖಾಲಿ ಇದೆ, ಯಾವುದನ್ನು ಯಾರಿಗೆ ಕೊಟ್ಟಿದ್ದೀರಿ ಅನ್ನುವ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಿ. ಖಾಲಿ ಇರುವಲ್ಲಿ ಮೊದಲ ಹಕ್ಕು ಅಂಗನವಾಡಿಗೆ ಮತ್ತು ಸರ್ಕಾರಿ ಶಾಲೆಗೆ ಕೊಡಿ. ಕರ್ನಾಟಕ ಪಬ್ಲಿಕ್ ಶಾಲೆಗಳಂತೆ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಓದುವ ಶಾಲೆ ಹತ್ತಿರ ಇದ್ದರೆ ನಮ್ಮಂಥವರು ಬೇರೆ ಏನನ್ನೂ ನೋಡದೆ ಆ ಊರು ಆರಿಸಿಕೊಳ್ಳುತ್ತೇವೆ. ಇದು ಉತ್ಪ್ರೇಕ್ಷೆಯಲ್ಲ.

ದಾಖಲೆಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಇ-ಖಾತೆ, ಫಾರಂ 9, 11ಎ, 11ಬಿ, ಭೂಪರಿವರ್ತನೆ, ಇದೆಲ್ಲಾ ಲೆಕ್ಕ ಬರೆಯುವ ನನಗೇ ತಲೆಗೆ ಹತ್ತಲು ಸಮಯ ಹಿಡಿಯಿತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಮೇಲೆ ಸ್ವಾಧೀನಾನುಭವ ಪತ್ರ, ಅಂದರೆ ಓಸಿ ಇಲ್ಲದ ಮನೆಗಳಿಗೆ ಕರೆಂಟ್ ಸಿಗದೆ ಎಷ್ಟೋ ಜನ ಒದ್ದಾಡಿದರು. ಅವರಲ್ಲಿ ಬಹಳ ಮಂದಿ ಮೋಸ ಮಾಡಿದವರಲ್ಲ, ಮೋಸ ಹೋದವರು. ಕಡಿಮೆ ಬೆಲೆಗೆ ಸಿಗುತ್ತದೆ ಅಂತ ರೆವಿನ್ಯೂ ಸೈಟ್, ಅಂದರೆ ಒಪ್ಪಿಗೆ ಇಲ್ಲದೆ ಹೊಲದಲ್ಲಿ ಮಾಡಿದ ಸೈಟ್ ತಗೊಂಡು ಮನೆ ಕಟ್ಟಿದವರು. ಸರಿಯಾದ ಮಾಹಿತಿ ಸರಿಯಾದ ಹೊತ್ತಿಗೆ ಸಿಕ್ಕಿದ್ದರೆ ಅವರು ಆ ದಾರಿಗೆ ಹೋಗುತ್ತಿರಲಿಲ್ಲ.

ಅದಕ್ಕೇ ನನ್ನ ಮುಖ್ಯ ಬೇಡಿಕೆ ಇದು. ನೀವು ಒಪ್ಪಿಗೆ ಕೊಡುವ ಪ್ರತಿ ಲೇಔಟ್‌ಗೆ, ಪ್ರತಿ ಅಪಾರ್ಟ್‌ಮೆಂಟ್‌ಗೆ ಒಂದೇ ಒಂದು ಹಾಳೆಯ ಮಾಹಿತಿ ಪತ್ರ ಕಡ್ಡಾಯ ಮಾಡಿ. ಇವತ್ತು ನೀರು ಎಲ್ಲಿಂದ ಬರುತ್ತಿದೆ, ಕೊಳಾಯಿ ನೀರು ಯಾವ ವರ್ಷ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ. ಬೆಳಿಗ್ಗೆ ಮೊದಲ ಬಸ್ಸು, ರಾತ್ರಿ ಕೊನೆಯ ಬಸ್ಸು ಎಷ್ಟು ಹೊತ್ತಿಗೆ. ಹತ್ತಿರದ ಅಂಗನವಾಡಿ, ಸರ್ಕಾರಿ ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ ಎಷ್ಟು ದೂರ. ಸಿಎ ಸೈಟ್ ಯಾವುದಕ್ಕೆ ಮೀಸಲು. ಇಷ್ಟು ಸಾಕು. ಕೆಳಗೆ ಸಂಬಂಧಪಟ್ಟ ಅಧಿಕಾರಿಯ ಸಹಿ ಇರಲಿ. ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ಪ್ರಾಜೆಕ್ಟ್ ದಾಖಲೆಗಳನ್ನು ಹಾಕುವ ಕಡೆ ಇದನ್ನೂ ಹಾಕಿಸಿ. ಜಾಗದ ಬೋರ್ಡಿನ ಮೇಲೂ ಬರೆಸಿ. ರೇರಾ ಕಾಯಿದೆ ಪ್ರಕಾರ ಒಪ್ಪಂದ ನೋಂದಣಿ ಆಗುವ ಮುಂಚೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ. ಆ ಶೇ. 10 ಕೊಡುವ ಮುಂಚೆಯೇ ಈ ಹಾಳೆ ನಮ್ಮ ಕೈಗೆ ಬರಲಿ. ಅಷ್ಟು ಹಣ ಕೂಡಿಸಲು ನಮಗೆ ವರ್ಷಗಳೇ ಹಿಡಿದಿವೆ.

ಎರಡನೆಯದು, ಲೇಔಟ್ ಕೆಲಸ ಆದ ಹಾಗೆ ಸೈಟ್‌ಗಳನ್ನು ಕಂತಿನಲ್ಲಿ ಬಿಡುಗಡೆ ಮಾಡುವ ಪದ್ಧತಿ ನಿಮ್ಮಲ್ಲಿದೆ. ರಸ್ತೆ, ಚರಂಡಿ, ಕರೆಂಟ್ ನೋಡುತ್ತೀರಿ. ಕೊನೆಯ ಕಂತು ಬಿಡುವ ಮುಂಚೆ ನೀರಿನ ಖಾಯಂ ಮೂಲವನ್ನೂ ಬಸ್ ಸಂಪರ್ಕವನ್ನೂ ನೋಡಿ. ಮಾರುವವರಿಗೆ ತಮ್ಮ ಹಣ ನಿಂತರೆ ಅವರೇ ಇಲಾಖೆಗಳ ಬಾಗಿಲು ತಟ್ಟುತ್ತಾರೆ. ಈಗ ಆ ಬಾಗಿಲು ತಟ್ಟುತ್ತಿರುವವರು ಮನೆಗೆ ಬಂದು ಸೇರಿದ ಹೆಂಗಸರು, ಮಕ್ಕಳನ್ನು ಸೊಂಟದ ಮೇಲೆ ಇಟ್ಟುಕೊಂಡು.

ಹೊಸೂರು ರಸ್ತೆಯ ಒಂದೇ ಸಾಲಿನಲ್ಲಿ ಹೆಬ್ಬಗೋಡಿ, ಬೊಮ್ಮಸಂದ್ರ, ಚಂದಾಪುರ, ಅತ್ತಿಬೆಲೆ ಅಂತ ನಾಲ್ಕು ಸ್ಥಳೀಯ ಸಂಸ್ಥೆಗಳಿವೆ. ನಡುವೆ ಗ್ರಾಮ ಪಂಚಾಯಿತಿಗಳಿವೆ. ಎಲ್ಲರನ್ನೂ ಒಂದು ಕಡೆ ಸೇರಿಸಿ ನೋಡುವ ಕಚೇರಿ ನಿಮ್ಮದೇ. ಹಾಗಾಗಿ ಆನೇಕಲ್ ತಾಲ್ಲೂಕಿನಿಂದಲೇ ಶುರು ಮಾಡಿ. ಈಗಾಗಲೇ ಒಪ್ಪಿಗೆ ಪಡೆದ ಲೇಔಟ್‌ಗಳ ಮಾಹಿತಿ ಪತ್ರವನ್ನು ಮೊದಲು ಹೊರಗೆ ತನ್ನಿ. ನಮ್ಮ ಮಗಳು ಮುಂದಿನ ವರ್ಷ ಒಂದನೇ ತರಗತಿಗೆ ಸೇರಬೇಕು. ಅದಕ್ಕೂ ಮುಂಚೆ ನಾವು ಊರು ಆರಿಸಬೇಕು. ಈ ಕೆಲಸ ಯಾವ ತಿಂಗಳಿನೊಳಗೆ ಆಗುತ್ತದೆ ಅನ್ನುವುದನ್ನು ಪತ್ರಿಕೆಗಳ ಮೂಲಕ ತಿಳಿಸಿ. ಆಗುವುದಿಲ್ಲ ಅನ್ನುವುದಾದರೆ ಅದರ ಕಾರಣವನ್ನೂ ಬರೆದು ತಿಳಿಸಿ.

ಇತಿ,
ಪೀಣ್ಯದಲ್ಲಿ ದುಡಿಯುವ, ಮನೆ ಹುಡುಕುತ್ತಿರುವ ಒಬ್ಬ ತಾಯಿ